ಓಡಿದ ಸಾಲು, ಓಡದ ದಾರಿ



ಪೈಥಾನಿನಲ್ಲಿ ಪ್ರೋಗ್ರಾಮ್ ಬರೆಯುವ ನಿಮ್ಮಲ್ಲಿ ಎಷ್ಟು ಮಂದಿ ಅದರ ಜೊತೆಗೇ ಬರುವ ‘ಟ್ರೇಸ್’ ಬಳಸಿದ್ದೀರಿ? ಯಾವ ಸಾಲಿನ ನಂತರ ಯಾವ ಸಾಲು ಓಡಿತೆಂದು ಅದು ತೋರಿಸುತ್ತದೆ, ಎಷ್ಟು ಸಲವೆಂದು ಎಣಿಸುತ್ತದೆ; ಕೇಳಿದರೆ ಒಮ್ಮೆಯೂ ಓಡದ ಸಾಲಿಗೆ ಗುರುತು ಹಾಕುತ್ತದೆ. ಶೇಕಡಾ ಲೆಕ್ಕ ಬೇಕಾದವರಿಗೆ ‘ಕವರೇಜ್’ ಎಂಬ ಇನ್ನೊಂದು ಸಲಕರಣೆಯಿದೆ. 2004ರಿಂದ ಅದನ್ನು ಬೆಳೆಸಿದವರು ನೆಡ್ ಬ್ಯಾಚೆಲ್ಡರ್.

ಅಲ್ಲಿ ಶೇಕಡಾ 100 ಕಂಡು ಹಿಗ್ಗಬೇಡಿ. ಕಾಲೇಜಿನಲ್ಲಿ ಪೋರ್ಷನ್ ಮುಗಿದ ಮಾತ್ರಕ್ಕೆ ಪಾಠ ತಲೆಗೆ ಹತ್ತಿತೆಂದಲ್ಲವಲ್ಲ! ನಮ್ಮ ಲೋಣಾವಳಾದ ಚಿಕ್ಕಿ ಅಂಗಡಿಯೊಂದಕ್ಕೆ ಬಿಲ್ಲಿನ ಪ್ರೋಗ್ರಾಮ್ ಬರೆದಿರೆನ್ನಿ. 5ಕ್ಕಿಂತ ಹೆಚ್ಚು ಪೊಟ್ಟಣ ಕೊಂಡರೆ ರಿಯಾಯಿತಿ 20 ರೂಪಾಯಿ. ಮುಂದಿನ ಸಾಲಿನಲ್ಲಿ ಬೆಲೆಯಿಂದ ರಿಯಾಯಿತಿ ಕಳೆಯುವುದು. 6 ಪೊಟ್ಟಣಕ್ಕೆ ಪರೀಕ್ಷಿಸಿದಿರಿ, ಎಲ್ಲ ಸಾಲೂ ಓಡಿತು, ನೂರಕ್ಕೆ ನೂರು. ಮಳೆಗಾಲದ ಭಾನುವಾರ ಅಂಗಡಿಗೆ ಜನ ಮುಗಿಬಿದ್ದಿರುವಾಗ ಗಿರಾಕಿಯೊಬ್ಬರು 2 ಪೊಟ್ಟಣ ಕೇಳುತ್ತಾರೆ. ಅವರಿಗೆ ರಿಯಾಯಿತಿ ಸೊನ್ನೆಯೆಂದು ನೀವು ಎಲ್ಲೂ ಬರೆದಿಲ್ಲ. ಪ್ರೋಗ್ರಾಮ್ ಅಲ್ಲೇ ನಿಂತಿತು!

‘ಬ್ರಾಂಚ್’ ಆಯ್ಕೆ ಹಾಕಿದ್ದರೆ, ಷರತ್ತು ಸುಳ್ಳಾಗುವ ದಾರಿಯನ್ನು ನೀವು ತುಳಿದೇ ಇಲ್ಲವೆಂದು ಕವರೇಜ್ ಹೇಳುತ್ತಿತ್ತು. ಆದರೆ ರಿಯಾಯಿತಿ ಕಳೆಯುವ ಬದಲು ಕೂಡಿಸಿದ್ದರೆ ಅದಕ್ಕೂ ತಿಳಿಯದು. ಉತ್ತರ ಸರಿಯೇ ಎಂದು ನೋಡುವ ಪರೀಕ್ಷೆ ನೀವೇ ಬರೆಯಬೇಕು: 2 ಪೊಟ್ಟಣಕ್ಕೊಂದು, 5ಕ್ಕೊಂದು, 6ಕ್ಕೊಂದು.