ಕಾಲ್ಚೆಂಡು ಆಚೆಗೇ ಉಳಿಯಿತು!

ಕೊಲ್ಹಾಪುರದ ಶಾಹೂ ಸ್ಟೇಡಿಯಂನಲ್ಲಿ ಪಾಟಾಕಡೀಲ ತಾಲೀಮಿನವರ ಫುಟ್‌ಬಾಲ್ ಮ್ಯಾಚ್ ಇದ್ದರೆ ಜನ ಕಿಕ್ಕಿರಿಯುತ್ತಾರೆ. 1949ರವರೆಗೆ ನಮ್ಮ ರಾಯಬಾಗವೂ ಅದೇ ಸಂಸ್ಥಾನದ್ದು. ನಾವು ಈಚೆ ಬಂದೆವು, ಚೆಂಡು ಆಚೆಗೇ ಉಳಿಯಿತು ನೋಡ್ರಿ!

ನಮ್ಮ ಕಡೆ ಕಾಲೇಜು ತಂಡ ಕಟ್ಟುವ ಪರಿ ಏನು? ಯೂನಿವರ್ಸಿಟಿ ಪಂದ್ಯದ ಪತ್ರ ಬಂದ ಮೇಲೆ ನೋಟಿಸ್ ಬೋರ್ಡಿಗೆ ಒಂದು ಚೀಟಿ. 11 ಮಂದಿ ತುಂಬದಿದ್ದರೆ ಕಬಡ್ಡಿಯವನೇ ಗೋಲಿಗೆ ನಿಂತ! ಕೊಲ್ಹಾಪುರದ ಅನಿಕೇತ ಜಾಧವ 2017ರಲ್ಲಿ ಭಾರತದ ಪರ 17 ವರ್ಷದೊಳಗಿನವರ ವಿಶ್ವಕಪ್ ಆಡಿದ. ಪುಣೆಯ ಕ್ರೀಡಾ ಪ್ರಬೋಧಿನಿಯವರು ಅವನನ್ನು ಸಣ್ಣವನಿದ್ದಾಗಲೇ ಆರಿಸಿ ಒಯ್ದಿದ್ದರು. ಕಾಲೇಜಿಗೆ ಬರಲಿ ಅಂತ ಕಾಯಲಿಲ್ಲ.

ಅಮೆರಿಕದಲ್ಲಿ 2021ರಿಂದ ಕಾಲೇಜು ಆಟಗಾರರು ತಮ್ಮ ಹೆಸರಿನ ಮೇಲೆ ಜಾಹೀರಾತಿನ ದುಡ್ಡು ಗಳಿಸಬಹುದು. ಹೆಚ್ಚು ಸಿಗುವ ಕಾಲೇಜಿಗೆ ಹಾರುತ್ತಾರೆ. ಅದು ಅವರ ತಲೆನೋವು. ನಮ್ಮ ಹುಡುಗನ ಚಿಂತೆ ಬೇರೆ. ಪ್ರಾಕ್ಟೀಸ್ ಮುಗಿಸಿ ಬಂದರೆ ಮುಗಳಖೋಡದ ಬಸ್ಸು ಹೋಗಿಬಿಟ್ಟಿದ್ದರೆ? ಕಬ್ಬಿನ ಹಂಗಾಮಿನಲ್ಲಿ ಅಪ್ಪ ಹೊಲಕ್ಕೆ ಕರೆದರೆ? ಬರೇ ಫೀ ಮಾಫಿ ಮಾಡಿದರೆ ಇವನು ನಿಲ್ಲುವವನಲ್ಲ.

ಕಾಲೇಜಿನವರು ಜನೆವರಿಯಲ್ಲೇ ಹೈಸ್ಕೂಲ್ ಮೈದಾನಕ್ಕೆ ಹೋಗಲಿ. ಪಿ.ಟಿ. ಮಾಸ್ತರರು ಹೆಸರು ಹೇಳುತ್ತಾರೆ. ಮನೆಗೂ ಹೋಗಿ ಅಪ್ಪನ ಹತ್ತಿರ ಮಾತಾಡಲಿ. ಬೂಟು, ದಿನಾ ಎರಡು ತತ್ತಿ, ಇಷ್ಟರ ಖರ್ಚನ್ನು ಚಿಂಚಲಿ ಮಾಯಕ್ಕನ ಜಾತ್ರೆಗೆ ಕೈಬಿಚ್ಚಿ ಕೊಡುವ ನಮ್ಮ ಪೇಟೆಯವರು ಹಂಚಿಕೊಂಡರೆ ಯಾರಿಗೂ ಭಾರವಲ್ಲ. ಪ್ರಾಕ್ಟೀಸಿನ ಹೊತ್ತನ್ನು ಮಾತ್ರ ಬಸ್ಸಿನ ಟೈಮ್ ನೋಡಿಯೇ ಇಡಬೇಕು.