ಕೇದಾರದ ಬ್ರಹ್ಮಕಮಲ

ಹೂವಿನ ಹಿಪ್ಪರಗಿಯ ಭಕ್ತರೊಬ್ಬರು ತಮ್ಮ ಅಂಗಳದ ಕುಂಡದಲ್ಲಿ ರಾತ್ರಿ ಅರಳಿದ ಬಿಳಿ ಹೂವನ್ನು ತೋರಿಸಿ, "ಕೇದಾರನಾಥನಿಗೆ ಏರಿಸುವ ಬ್ರಹ್ಮಕಮಲ ಇದೇ ಅಲ್ಲವೇ?" ಎಂದು ಕೇಳಿದರು. ಅಲ್ಲ. ಒಂದೇ ಇರುಳು ಅರಳಿ ಬೆಳಗಿಗೆ ಬಾಡುವ ಆ ಹೂವು ಮೆಕ್ಸಿಕೋ ಸೀಮೆಯಿಂದ ಬಂದ ಕಳ್ಳಿಯ ಜಾತಿಯದು. ಚೆಲುವೇನೋ ಅದರದೇ, ಹೆಸರು ಮಾತ್ರ ಎರವಲು.

ನಿಜವಾದ ಬ್ರಹ್ಮಕಮಲವು ಹಿಮಾಲಯದಲ್ಲಿ, ಮರಗಳ ಮೇರೆ ಮುಗಿದ ಮೇಲೆ, ಸುಮಾರು 3,700ರಿಂದ 4,600 ಮೀಟರ್ ಎತ್ತರದ ಕಲ್ಲುಬಂಡೆಗಳ ನಡುವೆ ಬೆಳೆಯುತ್ತದೆ. ಗಿಡವು ಒಂದು ಮೊಳವನ್ನು ಮೀರುವುದು ವಿರಳ. ಅರಳುವುದು ಜುಲೈಯಿಂದ ಸೆಪ್ಟೆಂಬರಿನವರೆಗೆ. ನಾವು ದಳಗಳೆಂದು ಭ್ರಮಿಸುವ ತೆಳುಹಳದಿ ಹಾಳೆಗಳು ದಳಗಳೇ ಅಲ್ಲ, ಹೊದಿಕೆಯ ಎಲೆಗಳು. ಅವು ಬಿಸಿಲನ್ನು ಒಳಗೆ ಬಿಟ್ಟು, ಶೀತಗಾಳಿಯನ್ನೂ ಮಳೆಯನ್ನೂ ಹೊರಗೆ ತಡೆದು, ಒಳಗಿನ ಕೆನ್ನೀಲಿ ಹೂಗೊಂಚಲನ್ನು ಬೆಚ್ಚಗಿಡುತ್ತವೆ. ಹೆಸರಿನಲ್ಲಿ ಕಮಲವಿದ್ದರೂ ತಾವರೆಗೂ ಇದಕ್ಕೂ ಸಂಬಂಧವಿಲ್ಲ. ಇದು ಸೂರ್ಯಕಾಂತಿಯ ಕುಟುಂಬದ್ದು. ಅದರಲ್ಲೂ ಹತ್ತಿರದ ನೆಂಟನೆಂದರೆ ನಮ್ಮ ಹಿಂಗಾರಿ ಹೊಲದ ಮುಳ್ಳುಕುಸುಬೆ!

ಕೇದಾರದ ರಾವಲರು ವೀರಶೈವ ಪರಂಪರೆಯವರಾದ್ದರಿಂದ ನಮ್ಮವರಿಗೆ ಆ ಕ್ಷೇತ್ರ ದೂರವೆನಿಸದು. ಶ್ರಾವಣದಲ್ಲಿ ಅಲ್ಲಿ ಈ ಹೂವಿನ ಅರ್ಚನೆ ನಡೆಯುತ್ತದೆ. ಆದರೆ ಬೀಜ ಕಟ್ಟುವ ಮೊದಲೇ ಕಿತ್ತ ಹೂವು ಸಂತತಿಯನ್ನು ಉಳಿಸಿಹೋಗದು. ಪೂಜೆಗೆಂದೂ ಔಷಧಿಗೆಂದೂ ಕಿತ್ತ ಕಡೆಗಳಲ್ಲಿ ಉತ್ತರಾಖಂಡದ ಈ ರಾಜ್ಯಪುಷ್ಪವು ವಿರಳವಾಗಿದೆ. ಒಣಗಿದ ಒಂದು ಹೂವನ್ನು ಪ್ರಸಾದವೆಂದು ತರಿಸಿಕೊಳ್ಳುವ ಆಸೆ ಒಮ್ಮೆ ನನಗೂ ಇತ್ತು. ಈಗ ಯಾತ್ರೆಗೆ ಹೊರಟವರು "ಏನು ತರೋಣ?" ಎಂದರೆ, ಅದೊಂದನ್ನು ಬೇಡವೆನ್ನುತ್ತೇನೆ; ನನ್ನ ಇಷ್ಟಲಿಂಗಕ್ಕೆ ಹಿತ್ತಲ ಬಿಲ್ವಪತ್ರೆಯುಂಟು.

ಆ ಭಕ್ತರ ಮನೆಯವರು ಈ ಸಲ ಕೇದಾರಕ್ಕೆ ಹೊರಟಿದ್ದಾರೆ. ಹೂವನ್ನು ಗಿಡದಲ್ಲಿಯೇ ಕಂಡು ಬರುವೆವೆಂದರು.