ಸೊನ್ನೆ ರೂಪಾಯಿ ಟಿಕೆಟ್ಟು

ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಎರಡು ಮಾತು ಒಂದೇ ಟೇಬಲ್ಲಿನಲ್ಲಿ ನಡೀತಾ ಇರುತ್ತವೆ. ‘ಊರಲ್ಲಿ ಅಪ್ಪ-ಅಮ್ಮ ಇಬ್ಬರೇ, ಪಾಪ, ತುಂಬಾ ಬೇಜಾರು ಅವರಿಗೆ’ ಅನ್ನೋದು ಒಂದು. ‘ನಮ್ಮ ಟ್ಯಾಕ್ಸ್ ದುಡ್ಡಲ್ಲಿ ಹೆಂಗಸರಿಗೆಲ್ಲ ಬಿಟ್ಟಿ ಬಸ್ಸು’ ಅನ್ನೋದು ಇನ್ನೊಂದು. ಎರಡಕ್ಕೂ ಸಂಬಂಧ ಇದೆ ಅಂತ ಯಾರಿಗೂ ಹೊಳೆಯೋದಿಲ್ಲ.

ಹಿರಿಯರ ಒಂಟಿತನಕ್ಕೆ ನಮ್ಮ ಮದ್ದು ಏನಿದ್ದರೂ ಸಾಮಾನು. ಸ್ಮಾರ್ಟ್ ಟಿವಿ, ಬಾಗಿಲಿಗೊಂದು ಕ್ಯಾಮೆರಾ, ಭಾನುವಾರದ ವಿಡಿಯೋ ಕಾಲ್ (ಅದರಲ್ಲಿ ಅರ್ಧ ಹೊತ್ತು ‘ಕೇಳಿಸ್ತಿದ್ಯಾ?’ಗೇ ಹೋಗುತ್ತೆ). ಎಲ್ಲವೂ ಅವರನ್ನು ಮನೆಯೊಳಗೇ ಕೂರಿಸುವಂಥವು.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾಯಿತು. ತಿಪಟೂರಿನಲ್ಲಿರುವ ನನ್ನಮ್ಮ ಆಧಾರ್ ಕಾರ್ಡನ್ನು ಪರ್ಸಿಗೆ ಸೇರಿಸಿಕೊಂಡು ಅರಸೀಕೆರೆಯ ದೊಡ್ಡಮ್ಮನ ಮನೆಗೆ ಹೊರಟರು. ಮೊದಲಾದರೆ ಹಬ್ಬಕ್ಕೋ ತಿಥಿಗೋ ಹೋಗ್ತಿದ್ರು. ಈಗ ಮನಸ್ಸು ಬಂದ ದಿನ. ಬಸ್ ಚಾರ್ಜು ನೀನೇ ಕೊಡಬಹುದಿತ್ತಲ್ಲ ಅಂತೀರಾ? ಕೊಡ್ತಿದ್ದೆ. ಆದರೆ ಸುಮ್ಮನೆ ಮಾತಾಡಿ ಬರೋದಕ್ಕೆ ಮಗನ ದುಡ್ಡು ಖರ್ಚು ಮಾಡೋದು ಆ ತಲೆಮಾರಿನವರಿಗೆ ಆಗಿಬರೋದಿಲ್ಲ. ಸೊನ್ನೆ ರೂಪಾಯಿ ಟಿಕೆಟ್ಟಿಗೆ ಕಾರಣ ಹೇಳಬೇಕಿಲ್ಲ.

ಅಪ್ಪನಿಗೆ ಸಿಗೋದು 60 ದಾಟಿದವರ ಶೇ. 25 ರಿಯಾಯಿತಿ ಮಾತ್ರ. ಅವರು ಬಸ್ ಸ್ಟ್ಯಾಂಡಿನವರೆಗೆ ಬಂದು ಅಮ್ಮನನ್ನು ಹತ್ತಿಸಿ ವಾಪಸ್ ಹೋಗ್ತಾರೆ. ರೈಲಿನಲ್ಲಿ ಹಿರಿಯ ಗಂಡಸರಿಗೆ ಶೇ. 40, ಹೆಂಗಸರಿಗೆ ಶೇ. 50 ಕಡಿತ ಇತ್ತು. 2020ರ ಮಾರ್ಚಿನಲ್ಲಿ ಕೊರೊನಾ ಹೆಸರಲ್ಲಿ ನಿಲ್ಲಿಸಿದ್ದು, ಕೊರೊನಾ ಹೋದರೂ ವಾಪಸ್ ಬರಲಿಲ್ಲ. ಆಗ ನಮ್ಮ ಟೇಬಲ್ಲಿನಲ್ಲಿ ಯಾರೂ ಕಮಕ್ ಕಿಮಕ್ ಅನ್ನಲಿಲ್ಲ.

‘ಹೆತ್ತವರನ್ನು ನೋಡಿಕೊಳ್ಳೋದು ಮಕ್ಕಳ ಕೆಲಸ, ಸರ್ಕಾರದ್ದಲ್ಲ’ ಅಂತ ಒಬ್ಬ ಸಹೋದ್ಯೋಗಿ ನನ್ನ ಮೇಲೆ ಹರಿಹಾಯ್ದ. ಸರಿ, 2007ರ ಕಾನೂನೂ ಅದನ್ನೇ ಹೇಳುತ್ತೆ. ನೋಡಿಕೊಳ್ಳದ ಮಕ್ಕಳಿಂದ ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸುವುದಕ್ಕೆ ನ್ಯಾಯಮಂಡಳಿಯೂ ಇದೆ. ಆದರೆ ಯಾವ ಮಂಡಳಿ ಆದೇಶ ಮಾಡಿದರೆ ದೊಡ್ಡಮ್ಮನ ಮನೆ ಜಗುಲಿಯ ಹರಟೆ ಸಿಗುತ್ತೆ? ನಾವು ಎಷ್ಟೇ ಒಳ್ಳೆಯ ಮಕ್ಕಳಾದರೂ ಅವರ ವಾರಗೆಯವರಾಗೋಕೆ ಆಗಲ್ಲ.

ಬಸ್ಸುಗಳು ತುಂಬಿ ತುಳುಕ್ತಿವೆ, ವಯಸ್ಸಾದವರಿಗೆ ನಿಲ್ಲೋಕೂ ಜಾಗ ಇಲ್ಲ ಅನ್ನೋ ತಕರಾರು ಮಾತ್ರ ನಿಜ. ಹಾಗಿದ್ದರೆ ಜಗಳ ಅದಕ್ಕೆ ಆಡೋಣ. ಇನ್ನಷ್ಟು ಬಸ್ಸು ಬಿಡಿ, ಮಂಡಿ ನೋವಿರೋರೂ ಹತ್ತೋ ಹಾಗೆ ಮೆಟ್ಟಿಲು ತಗ್ಗಿಸಿ, 65 ದಾಟಿದ ಗಂಡಸರಿಗೂ ಅದೇ ಸೊನ್ನೆ ಟಿಕೆಟ್ ಹರಿದುಕೊಡಿ. ನನ್ನ ಟ್ಯಾಕ್ಸ್ ದುಡ್ಡಲ್ಲೇ ಕೊಡಿ.